ಎಂಜಿನ್ ಇಲ್ಲದ ಕ್ಯಾಪ್ಟನ್

ನಾಣಿ ಸುಳ್ಳು ಹೇಳಲಿಲ್ಲ. ಕೈ ಮುಗಿದ, ಅಷ್ಟೇ. ಅದೂ ನಿಜವಾದ ಕೈಯಲ್ಲ, ಮೊಬೈಲಿನೊಳಗಿನ ಹಳದಿ ಕೈ.

ಇಂದಿರಾನಗರದ ವಿಮಾ ನೌಕರರ ಕಾಲೋನಿಯಲ್ಲಿ ಎರಡನೇ ಮಹಡಿಯ ಮನೆ, ಕಚೇರಿಯಲ್ಲಿ ಡೆತ್ ಕ್ಲೇಮ್ ವಿಭಾಗದ ಮೇಜು, ಇವೆರಡರ ನಡುವೆ ಬದುಕು ಸವೆಸುತ್ತಿದ್ದ ನಾಣಿಗೆ ಇದ್ದದ್ದು ಒಂದೇ ಹುಚ್ಚು. ಭಾನುವಾರ ಬೆಳಗಾದರೆ ಸಾಕು, ಸ್ಕೂಟರ್ ಏರಿ, ಕೆ.ಆರ್. ಪುರಂ ದಾಟಿ, ಹೊಸಕೋಟೆ ಕಡೆಯ ಬಯಲಿನಲ್ಲಿದ್ದ ಗ್ಲೈಡಿಂಗ್ ಕ್ಲಬ್ಬಿಗೆ ಓಡುತ್ತಿದ್ದ.

ಕ್ಲಬ್ಬಿನ ಆಸ್ತಿ ಎಂದರೆ ಮೂರು ವಿಮಾನ. ಎಂಜಿನ್ ಇದ್ದದ್ದು ಅವುಗಳಲ್ಲಿ ಒಂದಕ್ಕೆ ಮಾತ್ರ. ಉಳಿದೆರಡು ಗ್ಲೈಡರುಗಳು, ಉದ್ದನೆಯ ರೆಕ್ಕೆ, ತೆಳ್ಳನೆಯ ಮೈ, ಎಂಜಿನ್ ಎಂಬ ಸೋಂಕೇ ಇಲ್ಲದವು. ಎರಡು ಸೀಟಿನ ಹಳೆಯದನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು, ಒಂದೇ ಸೀಟಿನದನ್ನು ಚಿಕ್ಕಿ. ಎಂಜಿನ್ ಇದ್ದದ್ದು ಬಸವ. ಬಸವನ ಬಾಲಕ್ಕೆ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ಗ್ಲೈಡರಿನ ಮೂತಿಗೆ ಸಿಕ್ಕಿಸಿದರೆ ಅದು ಎಳೆದುಕೊಂಡು ಮೇಲೆ ಹೋಗುತ್ತದೆ. ಸಾಕಷ್ಟು ಎತ್ತರ ಬಂದಮೇಲೆ ಗ್ಲೈಡರಿನವನು ಹಗ್ಗ ಬಿಡುತ್ತಾನೆ. ಬಸವ ಒಂಟಿಯಾಗಿ ಇಳಿದು ಬರುತ್ತದೆ. ಗ್ಲೈಡರಿಗೆ ಮೇಲೇಳುವ ಬಿಸಿಗಾಳಿ ಸಿಕ್ಕರೆ ಅದರ ಜೊತೆ ಏರುತ್ತದೆ, ಸಿಗದಿದ್ದರೆ ಮೆಲ್ಲಗೆ ಜಾರಿಕೊಂಡು ನೆಲಕ್ಕೆ ಬರುತ್ತದೆ.

ಈ ವೈಭವದಲ್ಲಿ ನಾಣಿಯ ಪಾಲಿಗೆ ಬಂದದ್ದು ರೆಕ್ಕೆಯ ತುದಿ. ಗ್ಲೈಡರಿಗೆ ಇರುವುದು ಹೊಟ್ಟೆಯ ಕೆಳಗೆ ಒಂದೇ ಚಕ್ರ, ನಿಂತಾಗ ಒಂದು ಪಕ್ಕಕ್ಕೆ ವಾಲಿಕೊಳ್ಳುತ್ತದೆ. ಹೊರಡುವಾಗ ಯಾರಾದರೂ ರೆಕ್ಕೆ ಎತ್ತಿ ಹಿಡಿದು ಜೊತೆಯಲ್ಲಿ ಓಡಬೇಕು. ವರ್ಷಗಳಿಂದ ಓಡುತ್ತಿದ್ದವನು ನಾಣಿ. ಹಾರುವುದನ್ನೂ ಕಲಿತಿದ್ದ, ಆದರೆ ಯಾವಾಗಲೂ ಹಿಂದಿನ ಸೀಟಿನಲ್ಲಿ ಗುರುಗಳಾದ ಸೈಫ್ ಸಾಹೇಬರು ಇರುತ್ತಿದ್ದರು. ಬೆನ್ಸನ್ ಟೌನಿನ ಸೈಫ್ ಸಾಹೇಬರದು ಆರಡಿ ಎತ್ತರ, ಗುಡುಗಿನಂಥ ದನಿ. "ಸರ್, ನನ್ನನ್ನ ಒಬ್ಬನೇ ಯಾವಾಗ ಬಿಡ್ತೀರಿ?" ಎಂದು ನಾಣಿ ಕೇಳಿದಾಗಲೆಲ್ಲ ಅವರು, "ನೀನು ಹಾರಿದ್ರೆ ರೆಕ್ಕೆ ಯಾರು ಹಿಡೀತಾರೆ ಮಿಯಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಹೀಗಿರುವಾಗ ಒಂದು ಭಾನುವಾರ ನಾಣಿ ದೊಡ್ಡಕ್ಕನ ಮುಂದಿನ ಸೀಟಿನಲ್ಲಿ ಕುಳಿತು ಗಾಜು ಒರೆಸುತ್ತಿದ್ದ. ಬಸವನನ್ನು ಹಾರಿಸುವ ಹುಡುಗಿ ಮೆಹ್ವಿಶ್ ಅದರದೊಂದು ಫೋಟೋ ತೆಗೆದಳು. ಒರೆಸುವ ಬಟ್ಟೆ ಫೋಟೋದಲ್ಲಿ ಬರಲಿಲ್ಲ. ಮನೆಗೆ ಬಂದ ಫೋಟೋವನ್ನು ಹೆಂಡತಿ ಕೋಕಿಲಾ ಕಾಲೋನಿಯ ವಾಟ್ಸಾಪ್ ಗುಂಪಿಗೆ ಹಾಕಿ, "ನಮ್ಮನೆಯವರು" ಎಂದು ಬರೆದಳು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಕಾಲೋನಿ ಸಂಘದ ಕಾರ್ಯದರ್ಶಿ ಮುರಳಿ ಕೆಳಗಡೆ ಬರೆದರು: "ಕಂಗ್ರಾಟ್ಸ್, ಕ್ಯಾಪ್ಟನ್ ನಾಣಿ!"

ಏನಾದರೂ ಉತ್ತರ ಕೊಡಬೇಕಲ್ಲ. ನಾಣಿ ಕೈ ಮುಗಿದ.

ಮರುದಿನದಿಂದ ಹಾಲಿನವನೂ ಅವನಿಗೆ ಸೆಲ್ಯೂಟ್ ಹೊಡೆಯತೊಡಗಿದ. ಮೆಟ್ಟಿಲಿನಲ್ಲಿ ಸಿಕ್ಕವರು "ಕ್ಯಾಪ್ಟನ್, ಇವತ್ತು ಮೋಡ ಹೇಗಿದೆ?" ಎಂದು ಕೇಳಿದರು. ಕಚೇರಿಯಲ್ಲಿ ಮ್ಯಾನೇಜರ್ ಮೊದಲ ಬಾರಿಗೆ ಕುರ್ಚಿ ಎಳೆದು ಕೂರಿಸಿದರು. ನಾಣಿಗೆ ಎಲ್ಲೆಡೆ ತಿದ್ದಿ ಹೇಳುವ ಮನಸ್ಸಾಯಿತು, ಬಾಯಿ ಮಾತ್ರ ಏಳಲಿಲ್ಲ. ನಿಜ ಗೊತ್ತಿದ್ದ ಕೋಕಿಲಾ ಒಳಗೊಳಗೇ ಕುದಿಯುತ್ತಿದ್ದಳು.

"ಹೇಳ್ಬಿಡಿ ರೀ, ನಾನಿನ್ನೂ ಕಲೀತಿದೀನಿ ಅಂತ."

"ಹೇಳ್ತೀನಿ ಕಣೆ, ಸಮಯ ನೋಡ್ಕೊಂಡು."

ಸಮಯವೇ ಅವನನ್ನು ನೋಡಿಕೊಂಡಿತು. ಶನಿವಾರ ಸಂಜೆ ಗುಂಪಿನಲ್ಲಿ ಮುರಳಿಯವರ ಘೋಷಣೆ ಬಂತು: ನಾಳೆ ನಮ್ಮ ಕ್ಯಾಪ್ಟನ್ ಹಾರಾಟ ನೋಡಲು ಇಡೀ ಕಾಲೋನಿ ಹೊರಡುತ್ತದೆ. ಟೆಂಪೋ ಟ್ರಾವೆಲರ್ ಗೊತ್ತು ಮಾಡಿಯಾಗಿದೆ. ನಾಗರತ್ನಮ್ಮನವರದು ಬಿಸಿಬೇಳೆಬಾತ್.

ನಾಣಿಗೆ ಉಳಿದಿದ್ದ ಆಸೆ ಒಂದೇ, ಕೆ.ಆರ್. ಪುರಂ ತೂಗುಸೇತುವೆಯ ಟ್ರಾಫಿಕ್. ಎಂಥೆಂಥ ಆಂಬುಲೆನ್ಸುಗಳನ್ನೇ ನಿಲ್ಲಿಸಿದ ಆ ಸೇತುವೆ, ತನ್ನ ಮಾನ ಕಾಯಲು ಒಂದು ಟೆಂಪೋವನ್ನು ಸಂಜೆಯವರೆಗೆ ಹಿಡಿದಿಡಲಾರದೇ ಎಂದು ನಂಬಿಕೊಂಡು ಬೆಳಿಗ್ಗೆ ಬೇಗ ಕ್ಲಬ್ ಸೇರಿದ. ಸೈಫ್ ಸಾಹೇಬರನ್ನು ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹಾರಿಯೂ ಬಂದ. ಏರುವುದು, ತಿರುಗುವುದು, ಇಳಿಯುವುದು ಎಲ್ಲ ಬೆಣ್ಣೆಯಂತೆ ಆಯಿತು. ಸಾಹೇಬರು ಬೈಯಲಿಲ್ಲ. ಅದೇ ಅನುಮಾನದ ಸಂಗತಿಯಾಗಿತ್ತು.

ಅವರು ಸೀಟಿನಿಂದ ಏಳುವಷ್ಟರಲ್ಲಿ ಗೇಟಿನ ಬಳಿ ಹಾರನ್ ಕೇಳಿಸಿತು. ಭಾನುವಾರದ ಸೇತುವೆ ಖಾಲಿ ಹೊಡೆಯುತ್ತಿತ್ತು ಎಂದು ಕಾಣುತ್ತದೆ. ಟೆಂಪೋ ಬಾಗಿಲು ತೆರೆದದ್ದೇ, ಗೋಣಿಯಿಂದ ಆಲೂಗಡ್ಡೆ ಉರುಳಿದಂತೆ ಕಾಲೋನಿ ಬಯಲಿಗೆ ಉರುಳಿತು. ಮುಂದೆ ಮುರಳಿ, ಕೈಯಲ್ಲಿ ಹಲಸೂರು ಮಾರ್ಕೆಟ್ಟಿನ ಸೇವಂತಿಗೆ ಹಾರ. ಹಿಂದೆ ನಾಗರತ್ನಮ್ಮ, ಕಂಕುಳಲ್ಲಿ ಮಗುವಿನಂತೆ ಬಿಸಿಬೇಳೆಬಾತಿನ ಡಬರಿ. ಕಟ್ಟಕಡೆಗೆ ಕೋಕಿಲಾ, ಗಂಡನ ಮುಖ ನೋಡಲಾಗದೆ ಸೆರಗಿನ ಅಂಚು ನೋಡಿಕೊಂಡು.

"ಸರ್," ನಾಣಿ ಹಿಂದಿನ ಸೀಟಿಗೆ ಪಿಸುಗುಟ್ಟಿದ. "ದಯವಿಟ್ಟು ಇಳೀಬೇಡಿ. ಇನ್ನೊಂದೇ ಸುತ್ತು. ಆದ್ರೆ ಮೇಲೆ ಹೋಗೋವರ್ಗೂ ಸ್ವಲ್ಪ ತಲೆ ತಗ್ಗಿಸ್ಕೊಂಡು ಕೂತ್ಕೋತೀರಾ?"

"ಏನಂದೆ?"

"ನೀವಿರೋದು ಅವ್ರಿಗೆ ಕಾಣಬಾರ್ದು ಸರ್. ಮಾನದ ಪ್ರಶ್ನೆ."

ಸೈಫ್ ಸಾಹೇಬರು ಆ ದಿನ ಯಾವ ಮೂಡಿನಲ್ಲಿದ್ದರೋ, ನಕ್ಕು ತಲೆ ತಗ್ಗಿಸಿದರು. ಆದರೆ ಆರಡಿಯ ಆಳು ಗಾಜಿನ ಮುಚ್ಚಳದ ಕೆಳಗೆ ಎಷ್ಟು ತಗ್ಗಿಯಾನು? ಪುಟ್ಟ ಅಕ್ವೇರಿಯಮ್ಮಿನಲ್ಲಿ ದೊಡ್ಡ ಮೀನು ಅವಿತುಕೊಂಡಂತೆ ಕಂಡಿತು.

"ಹಿಂದೆ ಯಾರ್ರೀ ಅದು, ಕ್ಯಾಪ್ಟನ್?" ಮುರಳಿ ಬಗ್ಗಿ ನೋಡಿದರು.

"ಅವ್ರಾ... ಅವ್ರು... ಪ್ಯಾಸೆಂಜರ್."

ಆ ಮಾತು ಬಾಯಿಂದ ಬಿದ್ದದ್ದೇ ತಡ.

"ಪ್ಯಾಸೆಂಜರ್ ಕರ್ಕೊಂಡು ಹೋಗ್ತಾರಾ? ಹಾಗಾದ್ರೆ ಮೊದಲು ಸಂಘದ ಕಾರ್ಯದರ್ಶಿ, ಆಮೇಲೆ ಹೊರಗಿನೋರು!"

"ಅದ್ಯಾಕೆ? ಲೇಡೀಸ್ ಫಸ್ಟ್," ಎಂದರು ನಾಗರತ್ನಮ್ಮ. "ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬೇಳೆ ಬೇಯಿಸಿದೋಳು ನಾನು."

"ಸೀನಿಯಾರಿಟಿ ಪ್ರಕಾರ ಹೋಗ್ಲಿ!" ಎಂದು ಮತ್ತೊಬ್ಬರು ಕೂಗಿದರು. ವಿಮಾ ಕಚೇರಿಯ ಜನ, ಸೀನಿಯಾರಿಟಿ ಎಂದ ಕೂಡಲೇ ಜಗಳ ಕಚೇರಿಯ ಬಡ್ತಿಯವರೆಗೆ ಹೋಯಿತು. ಮುರಳಿ ಗಾಜಿನ ಮುಚ್ಚಳ ಎತ್ತಿ, ಸೈಫ್ ಸಾಹೇಬರ ತೋಳನ್ನೇ ಹಿಡಿದು, "ಸ್ವಲ್ಪ ಇಳೀರಿ ಸ್ವಾಮಿ, ನಾವು ದೂರದಿಂದ ಬಂದಿದೀವಿ" ಎಂದರು.

ಸೈಫ್ ಸಾಹೇಬರು ಇಳಿದರು. ಬೆನ್ನು ನೆಟ್ಟಗೆ ಮಾಡಿಕೊಂಡು ತಮ್ಮ ಸೀಟಿನ ಬೆಲ್ಟುಗಳನ್ನು ಖಾಲಿ ಸೀಟಿನ ಮೇಲೆಯೇ ಬಿಗಿಯಾಗಿ ಕಟ್ಟಿದರು. ಹತ್ತಲು ಕಾಲೆತ್ತಿದ್ದ ಮುರಳಿಯವರನ್ನು ಕಾಲರ್ ಹಿಡಿದು ಪಕ್ಕಕ್ಕೆ ಇಟ್ಟರು.

"ಸರ್, ನೀವೆಲ್ಲಿಗೆ?" ನಾಣಿ ಸೀಟಿನಲ್ಲೇ ಹಿಂದಕ್ಕೆ ಹೊರಳಿದ.

"ಬಿಸಿಬೇಳೆಬಾತ್ ತಿನ್ನೋಕೆ. ನೀನು ಹೋಗು."

"ಒಬ್ನೇನಾ?"

"ಇಲ್ಲ, ಬ್ಯಾಂಡ್ ಸೆಟ್ ಕರ್ಕೊಂಡು ಹೋಗು!" ಸಾಹೇಬರು ಬಗ್ಗಿ, ಅವನಿಗಷ್ಟೇ ಕೇಳುವಂತೆ ದನಿ ಇಳಿಸಿದರು. "ಕೇಳು. ನನ್ನ ತೂಕ ಇಲ್ಲ, ದೊಡ್ಡಕ್ಕ ಬೇಗ ಏಳ್ತಾಳೆ. ಹೆದರಬೇಡ. ಬೆಳಿಗ್ಗೆ ಮಾಡಿದ್ಯಲ್ಲ, ಹಾಗೇ ಮಾಡು."

ರೆಕ್ಕೆಯ ತುದಿಗೆ ಯಾದಗಿರಿ ಕಡೆಯ ಮಾನಪ್ಪ ಬಂದು ನಿಂತ. ಗರುಡಾಚಾರ್‌ಪಾಳ್ಯದ ಕೋಣೆಯಿಂದ ದಿನಾ ಬಂದು ವಿಮಾನಗಳನ್ನು ತೊಳೆಯುವವನು ಅವನು. "ಓಡ್ಲಾಕ ನಾ ಇದ್ದೀನ್ರಿ ಸಾಹೇಬ್ರ, ನೀವು ಹಾರ್ರಿ," ಎಂದ. ನಾಣಿ ಬಾಯಿ ತೆರೆಯುವ ಮೊದಲೇ ಗಾಜಿನ ಮುಚ್ಚಳ ಬಿತ್ತು. ಮುಂದೆ ಬಸವ ಗುಟುರು ಹಾಕಿತು. ಹಗ್ಗ ಬಿಗಿಯಿತು.

ಮೊದಲ ಅರ್ಧ ನಿಮಿಷ ನಾಣಿ ಏನು ಯೋಚಿಸಿದನೆಂದು ಅವನಿಗೇ ನೆನಪಿಲ್ಲ. ಮಾನಪ್ಪ ಓಡಿದ, ಹಿಂದಾದ, ಕಾಣೆಯಾದ. ಚಕ್ರದ ಗಡಗಡ ನಿಂತುಹೋಯಿತು. ಸಾಹೇಬರು ಹೇಳಿದಂತೆಯೇ ದೊಡ್ಡಕ್ಕ ಮೈ ಕೊಡವಿಕೊಂಡು, ತವರಿಗೆ ಹೊರಟವಳ ಹಾಗೆ ಎದ್ದಳು. ನಾಣಿ ಅವಳನ್ನು ಹಗ್ಗದ ಸಾಲಿಗೆ ತಂದು ಹಿಡಿದ. ಬಯಲು, ಕೆರೆ, ಗೋಡೌನುಗಳ ತಗಡಿನ ಚಾವಣಿ ಎಲ್ಲ ಕೆಳಗೆ ಸರಿದವು. ಎತ್ತರ ತಲುಪಿದಾಗ ಹಗ್ಗ ಬಿಡಿಸುವ ಹಳದಿ ಗುಬುಟು ಎಳೆದ. ಟಪ್ ಎಂದು ಹಗ್ಗ ಕಳಚಿತು. ಬಸವ ಎಡಕ್ಕೆ ವಾಲಿ ಇಳಿಯಿತು.

ಆಮೇಲೆ ಸದ್ದಿಲ್ಲ. ಗಾಳಿಯ ಸಣ್ಣ ಶಿಳ್ಳೆ ಬಿಟ್ಟರೆ ಏನೂ ಇಲ್ಲ. ಅಭ್ಯಾಸಬಲದಿಂದ ನಾಣಿ "ಸರಿನಾ ಸರ್?" ಎಂದ. ಹಿಂದಿನ ಸೀಟು ಉತ್ತರ ಕೊಡಲಿಲ್ಲ. ಆಗ ಅವನ ಮುಖದ ಮೇಲೆ ತಾನಾಗಿಯೇ ಒಂದು ನಗು ಹರಡಿತು. ಮದುವೆಯ ಫೋಟೋದಲ್ಲೂ ಅಂಥ ನಗು ಬಿದ್ದಿರಲಿಲ್ಲ.

ಒಂದು ಸುತ್ತು ಹಾಕಿ ಇಳಿಯಬೇಕೆಂಬುದು ಲೆಕ್ಕ. ಆದರೆ ಗೋಡೌನುಗಳ ಮೇಲೆ ನಾಲ್ಕಾರು ಹದ್ದುಗಳು ರೆಕ್ಕೆ ಬಡಿಯದೆ ತಿರುಗುತ್ತ ಏರುತ್ತಿದ್ದವು. ಕಾದ ತಗಡಿನಿಂದ ಬಿಸಿಗಾಳಿ ಏಳುತ್ತಿದೆ ಎಂದರ್ಥ. ನಾಣಿ ಅತ್ತ ತಿರುಗಿಸಿದ. ಸೀಟು ಬೆನ್ನನ್ನು ಮೇಲಕ್ಕೆ ಒತ್ತಿತು. ಎತ್ತರ ತೋರಿಸುವ ಮುಳ್ಳು ಮೇಲೆ ಹೋಯಿತು. ಒಂದು ಹದ್ದು ರೆಕ್ಕೆಯ ಪಕ್ಕಕ್ಕೇ ಬಂದು, ಯಾರಪ್ಪ ಈ ಹೊಸಬ ಎಂಬಂತೆ ಕತ್ತು ತಿರುಗಿಸಿ ನೋಡಿತು. ನಾಣಿ ಅದಕ್ಕೂ ಕೈ ಮುಗಿಯುವವನಿದ್ದ, ಕೈ ಖಾಲಿ ಇರಲಿಲ್ಲ.

ಕೆಳಗೆ ಆಗ ನಡೆಯುತ್ತಿದ್ದುದು ನಾಣಿಗೆ ಗೊತ್ತಾದದ್ದು ಆಮೇಲೆ, ಮಾನಪ್ಪ ಬಿದ್ದು ಬಿದ್ದು ನಗುತ್ತ ಹೇಳಿದಾಗ.

ಎರಡು ವಿಮಾನ ಹೋದದ್ದನ್ನು ಕಾಲೋನಿ ನೋಡಿತ್ತು. ಒಂದೇ ವಿಮಾನ ವಾಪಸ್ಸು ಬಂದದ್ದನ್ನೂ ನೋಡಿತು. ಬಸವನಿಂದ ಇಳಿದ ಮೆಹ್ವಿಶ್‌ಳನ್ನು ಮುತ್ತಿಗೆ ಹಾಕಿತು.

"ಎಲ್ಲಮ್ಮಾ ನಮ್ಮ ಕ್ಯಾಪ್ಟನ್?"

"ಮೇಲಿದಾರೆ ಅಂಕಲ್. ಹಗ್ಗ ಬಿಟ್ರು, ನಾನು ಬಂದೆ."

"ಹಗ್ಗ ಬಿಟ್ರಾ! ಮತ್ತೆ ಎಂಜಿನ್ನು?"

"ಅದಕ್ಕೆ ಎಂಜಿನ್ ಇಲ್ಲ ಅಂಕಲ್."

ಇಡೀ ಕಾಲೋನಿ ಒಮ್ಮೆಗೇ ಕತ್ತೆತ್ತಿ ಆಕಾಶ ನೋಡಿತು. ಆಮೇಲೆ ನಾಗರತ್ನಮ್ಮ, "ಅಣ್ಣಮ್ಮ ತಾಯೀ!" ಎಂದು ಡಬರಿಯ ಪಕ್ಕ ಕುಸಿದರು. "ಇಷ್ಟು ದಿನ ಎಂಜಿನ್ ಇಲ್ದಿರೋ ವಿಮಾನದಲ್ಲಿ ಓಡಾಡ್ತಿದ್ರಾ ಪಾಪ! ಇವಳು ಹೆಣ್ಮಗಳಾಗಿ ಹೀಗೆ ನಡುನೀರಲ್ಲಿ ಕೈ ಬಿಟ್ಟು ಬರೋದಾ!"

"ಆಂಟಿ, ನಾನು ಬಿಡಲಿಲ್ಲ. ಅವರೇ ಬಿಟ್ಟಿದ್ದು, ಬೇಕು ಅಂತಾನೇ!"

"ಬೇಕೂಂತ ಯಾಕಮ್ಮ ಬಿಡ್ತಾರೆ?" ಎಂದ ಮುರಳಿ ತಟ್ಟನೆ ಮಾತು ನಿಲ್ಲಿಸಿ, ಮೆಲ್ಲಗೆ ಕೋಕಿಲಾಳ ಕಡೆ ತಿರುಗಿದರು. ಅವರ ಹಿಂದೆಯೇ ಇಡೀ ಕಾಲೋನಿ ತಿರುಗಿತು. "ಕೋಕಿಲಾ... ತಪ್ಪು ತಿಳ್ಕೋಬೇಡಿ. ಮನೇಲಿ ಏನಾದ್ರೂ ಮಾತುಕತೆ ಆಗಿತ್ತಾ?"

"ಬೆಳಿಗ್ಗೆ ಉಪ್ಪಿಟ್ಟು ಮಾಡಿದ್ದೆ," ಎಂದಳು ಕೋಕಿಲಾ ಗಾಬರಿಯಲ್ಲಿ.

"ಓ," ಎಂದಿತು ಕಾಲೋನಿ, ಎಲ್ಲ ಅರ್ಥವಾದವರಂತೆ.

ಇನ್ನೊಂದು ಮೂಲೆಯಲ್ಲಿ ಕಚೇರಿಯ ಪರಿಣತರು ಆಗಲೇ ಕೆಲಸ ಶುರು ಮಾಡಿದ್ದರು. ಎಂಜಿನ್ ಇಲ್ಲದ್ದು ವಿಮಾನವೆಂಬ ವ್ಯಾಖ್ಯೆಗೆ ಬರುತ್ತದೋ ಇಲ್ಲವೋ, ಬರದಿದ್ದರೆ ಅದು ವಿಮಾನ ಅಪಘಾತವೋ ಎತ್ತರದಿಂದ ಬಿದ್ದದ್ದೋ ಎಂದು ವಾದ ನಡೆದಿತ್ತು. "ಇಂಥ ಕೇಸು ಬಿಡಿಸೋಕೆ ನಮ್ಮ ಆಫೀಸಲ್ಲಿ ಒಬ್ರೇ ಸಮರ್ಥರು," ಎಂದು ಒಬ್ಬರು ನಿಟ್ಟುಸಿರುಬಿಟ್ಟರು, "ನಾಣಿಯವರು." ಸೈಫ್ ಸಾಹೇಬರು ಬಿಸಿಬೇಳೆಬಾತ್ ತಟ್ಟೆ ಹಿಡಿದು, "ಅರೆ, ಏನೂ ಆಗಿಲ್ಲ, ಎಂಜಾಯ್ ಮಾಡ್ತಾ ಇದಾನೆ!" ಎಂದು ಗುಡುಗಿದರೂ ಯಾರೂ ನಂಬಲಿಲ್ಲ. ಸಂಕಟದ ವೇಳೆ ತಿನ್ನುತ್ತಿರುವವರ ಮಾತನ್ನು ಯಾರು ನಂಬುತ್ತಾರೆ? ಮುರಳಿ ಅಗ್ನಿಶಾಮಕ ದಳಕ್ಕೆ ಫೋನ್ ಹಚ್ಚಿದರು. "ಬೆಂಕಿ ಎಲ್ಲಿ ಸಾರ್?" ಎಂದು ಅತ್ತಲಿಂದ ಕೇಳಿದರೆ, "ಇನ್ನೂ ಬಿದ್ದಿಲ್ಲ, ನೀವು ಹೊರಡಿ!" ಎಂದರು.

ಈ ಗದ್ದಲದ ನಡುವೆ ಕೋಕಿಲಾ ಕ್ಲಬ್ಬಿನ ಮೇಜಿನ ಮೇಲಿದ್ದ, ಹಾರುತ್ತಿರುವವರ ಜೊತೆ ಮಾತಾಡುವ ರೇಡಿಯೋ ಎತ್ತಿಕೊಂಡಳು. ಮೆಹ್ವಿಶ್ ಯಾವ ಗುಂಡಿ ಒತ್ತಬೇಕೆಂದು ತೋರಿಸಿದಳು.

ಹದ್ದುಗಳ ನಡುವೆ ಸುತ್ತುತ್ತಿದ್ದ ನಾಣಿಯ ಕಿವಿಯಲ್ಲಿ ಕರಕರ ಸದ್ದಾಗಿ, ಹೆಂಡತಿಯ ದನಿ ಬಂತು.

"ರೀ, ಕೇಳಿಸ್ತಿದ್ಯಾ? ಏನ್ಮಾಡ್ತಿದೀರಿ ಅಲ್ಲಿ?"

"ಸುತ್ತುತಿದೀನಿ ಕಣೆ."

"ಯಾಕೆ?"

ವರ್ಷಗಟ್ಟಲೆ ಯಾರೂ ಕೇಳದ ಪ್ರಶ್ನೆ. ನಾಣಿ ಕೆಳಗೆ ನೋಡಿದ. ದೂರದಲ್ಲಿ ತೂಗುಸೇತುವೆ ಬೆಂಕಿಕಡ್ಡಿಯ ಆಟಿಕೆಯಂತಿತ್ತು. ಅದರಾಚೆ ಹಲಸೂರು ಕೆರೆ ಹನಿಯಷ್ಟು ಹೊಳೆಯುತ್ತಿತ್ತು.

"ಚೆನ್ನಾಗಿದೆ ಕಣೆ, ಅದಕ್ಕೆ," ಎಂದ. "ಹಿಂದೆ ಯಾರೂ ಇಲ್ಲ. ನಾನೊಬ್ನೇ."

"ಎಲ್ಲಿದೀರಿ? ಕಾಣ್ತಾ ಇಲ್ಲ."

"ಗೋಡೌನ್ ಮೇಲ್ಗಡೆ ನೋಡು. ಹದ್ದು ಸುತ್ತುತಿವೆಯಲ್ಲ, ಅದರಲ್ಲಿ ದೊಡ್ಡದು ನಾನೇ."

ರೇಡಿಯೋ ಮತ್ತೆ ಕರಕರ ಎಂದಿತು. ಆಮೇಲೆ ಕೋಕಿಲಾಳ ದನಿ ಬೇರೆಯಾಗಿತ್ತು. "ಕಂಡ್ರಿ... ಅಯ್ಯೋ, ಎಷ್ಟು ಮೇಲಿದೀರಿ! ರೀ, ಈ ಜನಕ್ಕೋಸ್ಕರ ಅವಸರ ಮಾಡ್ಬೇಡಿ. ನಿಮಗೆ ಬೇಕನ್ಸೋವರ್ಗೂ ಇರಿ. ಬಿಸಿಬೇಳೆಬಾತ್ ಆರಿದ್ರೆ ಆರ್ಲಿ."

ನಾಣಿ ಇದ್ದ. ಗಂಟೆ ದಾಟಿತು. ಎರಡು ಬಾರಿ ಗಾಳಿ ಕೈಬಿಟ್ಟಿತು, ಎರಡು ಬಾರಿಯೂ ತಾನೇ ಹುಡುಕಿಕೊಂಡು ಏರಿದ. ಚಿಕ್ಕಿಯಲ್ಲಿ ಹಾರುವ ಹಳೆಯ ಸದಸ್ಯರೇ ಆ ಋತುವಿನಲ್ಲಿ ಅಷ್ಟು ಹೊತ್ತು ಮೇಲೆ ನಿಂತಿರಲಿಲ್ಲ. ಮೈದಾನದಲ್ಲಿ ಕತ್ತೆತ್ತಿ ನಿಂತ ಕಾಲೋನಿಗೂ ನಿಧಾನಕ್ಕೆ ಬುದ್ಧಿ ಹೊಳೆಯತೊಡಗಿತು. ಬೀಳುವವನು ಇಷ್ಟು ತಡ ಮಾಡುವುದಿಲ್ಲ. ಅಳು ನಿಂತಿತು. ಯಾರೋ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಬಂದಿದ್ದ ಅಗ್ನಿಶಾಮಕ ದಳದವರೂ ಹೆಲ್ಮೆಟ್ ತೆಗೆದಿಟ್ಟು, ಒಂದೊಂದು ತಟ್ಟೆ ಹಿಡಿದು ಮೇಲೆ ನೋಡುತ್ತ ಕೂತರು.

ಕೊನೆಗೆ ನಾಣಿ ಇಳಿಯಲು ತಿರುಗಿದಾಗ ಹೊಸ ಆಪತ್ತು. ಹಾರ ಹಾಕುವ ಉತ್ಸಾಹದಲ್ಲಿ ಕಾಲೋನಿ ಇಳಿಯುವ ಪಟ್ಟಿಯ ಮೇಲೆಯೇ ಓಡಿಬಂದಿತ್ತು! ಎದುರಿಗೆ ಮುರಳಿ, ಹಾರ ಎತ್ತಿ ಹಿಡಿದು, ದೇವರ ಉತ್ಸವಮೂರ್ತಿಯನ್ನು ಎದುರುಗೊಳ್ಳುವವರಂತೆ. ಎಂಜಿನ್ ಇಲ್ಲದವನಿಗೆ ಇನ್ನೊಂದು ಸುತ್ತಿನ ಭಾಗ್ಯವಿಲ್ಲ. ನಾಣಿ ಕೂಗಲಿಲ್ಲ, ಕಣ್ಣು ಮುಚ್ಚಲಿಲ್ಲ. ಗಾಳಿಗೆ ಅಡ್ಡ ನಿಂತು ಕೆಳಗಿಳಿಸುವ ರೆಕ್ಕೆಯ ಬ್ರೇಕುಗಳನ್ನು ಸ್ವಲ್ಪ ಮುಚ್ಚಿ, ಎಲ್ಲರ ತಲೆಯ ಮೇಲಿಂದ ಸುಯ್ಯೆಂದು ದಾಟಿಸಿದ. ಕಾಲೋನಿ ಒಟ್ಟಿಗೆ ನೆಲಕ್ಕೆ ಮಲಗಿತು. ಆಚೆಗೆ ಹೋಗಿ ಬ್ರೇಕು ಪೂರ್ತಿ ತೆರೆದು, ಮಲಗಿದ ಮಗುವಿಗೆ ಹೊದಿಕೆ ಹಾಕುವಷ್ಟು ಮೆತ್ತಗೆ ದೊಡ್ಡಕ್ಕನನ್ನು ಹುಲ್ಲಿಗೆ ಮುಟ್ಟಿಸಿದ.

ಮೊದಲು ತಲುಪಿದವರು ಸೈಫ್ ಸಾಹೇಬರು. ಕೈಯಲ್ಲಿ ಬಕೆಟ್. ನಾಣಿ ಹೊರಗೆ ಕಾಲಿಟ್ಟದ್ದೇ ತಲೆಯ ಮೇಲೆ ಬಕೆಟ್ ನೀರು ಸುರಿದು, ಒದ್ದೆಯಾದವನನ್ನೇ ತಬ್ಬಿಕೊಂಡರು. "ಶಾಬಾಷ್! ಮೊದಲ್ನೇ ಸಲ ಒಬ್ನೇ ಹಾರಿದೋನಿಗೆ ನೀರು ಹಾಕೋದು ನಮ್ಮ ಕ್ಲಬ್ ರಿವಾಜು. ಇಷ್ಟು ಚೆನ್ನಾಗಿ ಮೊದಲ್ನೇ ಸಲ ನಾನೂ ಹಾರಿರಲಿಲ್ಲ ಮಿಯಾ!"

ಹುಲ್ಲು ಕೊಡವಿಕೊಂಡು ಬರುತ್ತಿದ್ದ ಕಾಲೋನಿ ಅಲ್ಲೇ ನಿಂತಿತು.

"ಮೊದಲ್ನೇ ಸಲಾನಾ?" ಮುರಳಿ ಕೇಳಿದರು.

ಇಷ್ಟು ದಿನ ಏಳದ ಬಾಯಿ ಈಗ ಎದ್ದಿತು. ಮೇಲೆ ಹೋಗಿ ಬಂದವನಿಗೆ ಹೆದರಿಕೆ ಎಂಬುದು ಅಲ್ಲೇ ಎಲ್ಲೋ ಬಿದ್ದುಹೋಗಿರಬೇಕು. "ಹೌದು ಮುರಳಿ. ನಾನು ಕ್ಯಾಪ್ಟನ್ನೂ ಅಲ್ಲ, ಏನೂ ಅಲ್ಲ. ಇಲ್ಲೀವರ್ಗೂ ರೆಕ್ಕೆ ಹಿಡ್ಕೊಂಡು ಓಡ್ತಿದ್ದೋನು. ಇವತ್ತೇ ಒಬ್ನೇ ಹಾರಿದ್ದು," ಎಂದ. ಪಕ್ಕಕ್ಕೆ ಬಂದು ನಿಂತ ಕೋಕಿಲಾ ಸೆರಗಿನಿಂದ ಅವನ ತಲೆ ಒರೆಸಿದಳು, ಕಾಲೋನಿಯನ್ನು ನೆಟ್ಟಗೆ ನೋಡುತ್ತ.

ಮುರಳಿಯವರ ಕಣ್ಣು ಅಗಲವಾಯಿತು. ಕೋಪವಿರಲಿಲ್ಲ. ಕಳೆದುಹೋದ ಬೀಗದಕೈ ಸಿಕ್ಕವರ ಹೊಳಪು ಅದು.

"ಕೇಳಿದ್ರೇನ್ರೀ ಎಲ್ಲಾ?" ಅವರು ಕೈಯಲ್ಲಿದ್ದ ಹಾರವನ್ನು ಎತ್ತಿ ಹಿಡಿದು ಕೂಗಿದರು. "ಮೊದಲ್ನೇ ಸಲ! ಎಂಜಿನ್ ಇಲ್ಲ, ಹಿಂದೆ ಯಾರೂ ಇಲ್ಲ, ಕೆಳಗೆ ನಾವೆಲ್ಲ ಬಾಯಿ ಬಡ್ಕೋತಿದೀವಿ, ದಾರಿಗೆ ಅಡ್ಡಾನೂ ನಿಂತಿದೀವಿ! ಆದ್ರೂ ಒಬ್ರಿಗೂ ತಾಗದ ಹಾಗೆ ನಡೆಸ್ಕೊಂಡು ಬಂದ್ರು. ಪಂಪ್ ಕೆಟ್ಟಿರೋ, ಲಿಫ್ಟ್ ನಿಂತಿರೋ ನಮ್ಮ ಕಾಲೋನಿ ನಡೆಸೋಕೆ ಇನ್ನೆಂಥೋರು ಬೇಕ್ರೀ? ನನ್ನ ರಾಜೀನಾಮೆ ಈಗಿಂದೀಗ್ಲೇ! ಹೊಸ ಕಾರ್ಯದರ್ಶಿ, ಕ್ಯಾಪ್ಟನ್ ನಾಣಿ! ಯಾರು ಅನುಮೋದಿಸ್ತೀರಿ?"

"ನಾನು!" ಎಂದರು ನಾಗರತ್ನಮ್ಮ. ಅಗ್ನಿಶಾಮಕ ದಳದವರೂ ಸೇರಿ ಎಲ್ಲರ ಕೈಗಳೂ ಎದ್ದವು.

"ಇಲ್ಲಿ ಹೇಗ್ರೀ ಎಲೆಕ್ಷನ್ನು?" ನಾಣಿ ಹೌಹಾರಿದ.

"ಕಾಲೋನೀಲಿ ಯಾವತ್ತು ಇಷ್ಟು ಜನ ಸೇರಿದ್ರು ಹೇಳಿ! ಕೋರಂ ಸಿಗದೆ ನಾನೊಬ್ನೇ ಇಷ್ಟು ವರ್ಷ ಒದ್ದಾಡ್ದೆ. ಸರ್ವಾನುಮತದ ಆಯ್ಕೆ!" ಸೇವಂತಿಗೆ ಹಾರ ನಾಣಿಯ ಕೊರಳಿಗೆ ಬಿತ್ತು. ನಾಲ್ಕು ಜನ ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಜೈಕಾರ ಮುಗಿಲು ಮುಟ್ಟಿತು. ಮೆಹ್ವಿಶ್ ಫೋಟೋ ತೆಗೆದಳು. ಸೈಫ್ ಸಾಹೇಬರು ಮೀಸೆಯಡಿಯಲ್ಲಿ ನಗುತ್ತ, "ಮುಂದಿನ ಭಾನುವಾರ ಚಿಕ್ಕಿ ನಿನಗೇ ಕಣೋ, ಬೇಗ ಬಾ!" ಎಂದು ಕೂಗಿದರು. ನಾಣಿಯ ಎದೆ ಉಬ್ಬಿತು.

"ಎಲ್ಲಿ ಬರ್ತಾರೆ ಸಾಹೇಬ್ರೆ?" ಮುರಳಿ ಹಗುರಾದ ದನಿಯಲ್ಲಿ ಕೇಳಿದರು. ಅವರ ಮುಖದ ಹತ್ತು ವರ್ಷ ಅಲ್ಲೇ ಕಳಚಿಬಿದ್ದಂತಿತ್ತು. "ಸಂಘದ ಮೀಟಿಂಗು ಭಾನುವಾರಾನೇ ಅಲ್ವೇ? ಬೆಳಿಗ್ಗೆ ಶುರುವಾದ್ರೆ ಸಂಜೆ ಕಾಫಿವರ್ಗೂ ಆಗತ್ತೆ. ಪ್ರತಿ ವಾರ."

"ಇಳಿಸ್ರೀ, ನನ್ನನ್ನ ಕೆಳಗಿಳಿಸ್ರೀ!" ನಾಣಿ ಕೈಕಾಲು ಬಡಿದ. ಜೈಕಾರದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಎಂಜಿನ್ ಇಲ್ಲದೆ ಆಕಾಶದಿಂದ ಇಳಿದು ಬಂದವನಿಗೆ, ಆ ನಾಲ್ಕು ಹೆಗಲುಗಳಿಂದ ಇಳಿಯುವ ಉಪಾಯ ಮಾತ್ರ ಹೊಳೆಯಲಿಲ್ಲ.